ಬ್ಯಾರಲ್ ಒಳಗಿನ ಉಡ

1/10

ಹೋದ ವಾರ ರಾತ್ರಿ ದೋಸ್ತ ಒಬ್ಬ ವಿಡಿಯೊ ಕಳಿಸಿದ. ನೀಲಿ ಬ್ಯಾರಲ್. ಮ್ಯಾಲ ತಂತಿ ಜಾಳಿಗಿ, ಜಾಳಿಗಿ ಮ್ಯಾಲ ಎರಡು ಕಲ್ಲು. ಮೊಬೈಲ್ ಬ್ಯಾಟರಿ ಹಚ್ಚಿ ಒಳಗ ತೋರಸ್ತಾನ: ಒಂದು ಉಡ. ಮೈ ಉಬ್ಬಿಸಿಕೊಂಡು ಬುಸ್ ಬುಸ್ ಅನ್ನಾಕತ್ತೈತಿ. ಬಾಲ ಬ್ಯಾರಲ್‌ಗೆ ಬಡಿಯೋ ಸಪ್ಪಳ ಬ್ಯಾರೆ.

ಕೆಳಗ ಮೆಸೇಜ್: "ಲೇ, ಭಾಳ ಸಿಟ್ಟಿಂದೈತಿ ಇದು. ಕೈ ಹಾಕಿದ್ರ ಕಡ್ಯಾಕ ಬರ್ತೈತಿ. ಪಳಗಸೂದು ಹೆಂಗ? ನಿನಗ ಇಂಥಾವೆಲ್ಲ ಗೊತ್ತಿರ್ತಾವಲ್ಲ."

ನಾ "ಬಿಟ್ಟಬಿಡಲೇ" ಅಂತ ಒಂದ ಸಾಲು ಬರದೆ. ಅವ "ನೀ ಹೇಳಲಿಲ್ಲಂದ್ರ ಯೂಟ್ಯೂಬ್‌ನ್ಯಾಗ ನೋಡ್ತೀನಿ ಬಿಡು" ಅಂತ ಬರದು ಆಫ್‌ಲೈನ್ ಹೋದ.

ಆಮ್ಯಾಲ ವಿಚಾರ ಮಾಡಿದೆ, ತಪ್ಪು ನಂದ. ಒಂದು ಸಾಲಿನ್ಯಾಗ ಮುಗಿಯೋ ಮಾತಲ್ಲ ಇದು. ಮತ್ತ ಅವ ಒಬ್ಬನ ಅಲ್ಲ. ನಮ್ಮ ಕಡೆ ಪಾಲಬಾವಿ, ಮುಗಳಖೋಡ, ಹಾರೂಗೇರಿ ಸುತ್ತ ಕಬ್ಬಿನ ಹೊಲ ಇದ್ದ ಪ್ರತಿಯೊಬ್ಬನೂ ಒಮ್ಮೆ ಆದ್ರೂ ಉಡ ನೋಡಿರ್ತಾನ. ಈಗ ಎಲ್ಲಾರ ಫೋನ್‌ನ್ಯಾಗೂ ಹೊರದೇಶದವರ ರೀಲ್ಸ್ ಬರ್ತಾವ. ಸೋಫಾ ಮ್ಯಾಲ ಉಡ, ಹೆಗಲ ಮ್ಯಾಲ ಉಡ, ಉಡದ ಕೊರಳಿಗೆ ಬೆಲ್ಟ್ ಹಾಕಿ ವಾಕಿಂಗ್. ನೋಡಿದವರಿಗೆ ಅನಸ್ತೈತಿ, ನಮ್ಮ ಹೊಲದಾಗ ಪುಕ್ಕಟ ಐತಲ್ಲ, ನಾವೂ ಯಾಕ ಸಾಕಬಾರದು ಅಂತ.

ಹಿಂಗಾಗಿ ಈ ಹತ್ತು ಕ್ಯಾಪ್ಶನ್. ಪುರಸೊತ್ತು ಇದ್ದಾಗ ಓದ್ರಿ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ: ಉಡದ ನಂಬಿಕೆ ಗಳಸಾಕ ಬರ್ತೈತಿ. ಖರೆನ ಬರ್ತೈತಿ. ಆದ್ರ ಎದ್ದು ಹೋಗಾಕ ದಾರಿ ಇಲ್ಲದ ಜಾಗದಾಗ ಇಟ್ಟು ಗಳಸಾಕ ಬರಂಗಿಲ್ಲ. ಅಲ್ಲಿ ನಿಮಗ ಕಾಣಸೋದು ನಂಬಿಕೆ ಅಲ್ಲ, ಬ್ಯಾರೆ ಏನೋ. ಆ ಬ್ಯಾರೆ ಏನು ಅಂತ ನಾ ಕಣ್ಣಾರೆ ನೋಡೇನಿ.

2/10

ನನ್ನ ತಪ್ಪು ಮೊದಲ ಹೇಳ್ತೀನಿ, ಇಲ್ಲಂದ್ರ ಬುದ್ಧಿ ಹೇಳಾಕ ಬಂದಂಗ ಆಗ್ತೈತಿ.

ನಾ ಒಂಬತ್ತನೇ ಕ್ಲಾಸ್ ಇದ್ದೆ. ಜನವರಿ ತಿಂಗಳು. ನಮ್ಮ ಹೊಲಕ್ಕ ಕಬ್ಬು ಕಡ್ಯಾಕ ಗ್ಯಾಂಗ್ ಬಂದಿತ್ತು. ಕಬ್ಬು ಕಡಿಯೋದು ನೋಡಿದವರಿಗೆ ಗೊತ್ತು, ದಂಡಿಯಿಂದ ಕಡಕೋತ ಬಂದಂಗ ಒಳಗಿನ ಜೀವ ಎಲ್ಲಾ ಉಳಿದ ಕಬ್ಬಿನ ಕಡೆ ಸರಕೋತ ಹೋಗ್ತಾವ. ಇಲಿ, ಹಾವು, ಮುಂಗಸಿ, ಎಲ್ಲಾ. ಕಡೀಕ ನಾಕ ಸಾಲು ಉಳಿದಾಗ ಅಡಗಾಕ ಜಾಗ ಇರಂಗಿಲ್ಲ, ಒಮ್ಮೆಲೆ ಹೊರಗ ಓಡ್ತಾವ. ಹುಡುಗರು ಅಲ್ಲೇ ಕಟಗಿ ಹಿಡಕೊಂಡು ಕಾಯ್ತಿರ್ತಾರ.

ಆವತ್ತ ಹೊರಗ ಬಂದದ್ದು ಉಡ. ಬಾಲ ಸೇರಿ ಮೂರು ಫೂಟಿನ ಮ್ಯಾಲ ಇತ್ತು. ನಮ್ಮ ದೊಡ್ಡಪ್ಪನ ಮಗ, ನನಗ ಅಣ್ಣ ಆಗಬೇಕು, ಓಡಿ ಹೋಗಿ ಬಾಲ ಹಿಡದ. ಅದು ಹೊಳ್ಳಿ ಅವನ ಪ್ಯಾಂಟ್ ಹಿಡೀತು. ಗೋಣಿಚೀಲ ಒಗದು ಹೆಂಗೋ ಮಾಡಿ ಒಳಗ ಹಾಕಿದ್ವಿ. ಗ್ಯಾಂಗಿನವ ಒಬ್ಬ "ಕೊಡ್ರಿ, ಸಾರು ಮಾಡ್ತೀವಿ" ಅಂದ. ನಾವು ಕೊಡಲಿಲ್ಲ. ಆಗ ನಮಗ ಅನಿಸಿದ್ದು, ನಾವು ಅದರ ಜೀವ ಉಳಿಸಿದ್ವಿ ಅಂತ. ಹಿಡದವರಿಗೆಲ್ಲ ಹಿಂಗ ಅನಸ್ತೈತಿ.

ಮನಿ ಹಿಂದ ದನದ ಕೊಟ್ಟಿಗಿ ಮಗ್ಗಲಕ ಖಾಲಿ ಬ್ಯಾರಲ್ ಇತ್ತು. ಅದರೊಳಗ ಹಾಕಿ ಮ್ಯಾಲ ಹಂಚು ಮುಚ್ಚಿ, ಗಾಳಿಗೆ ಸಂದಿ ಬಿಟ್ವಿ. ಹೆಸರು ಇಟ್ವಿ: ಟೈಗರ್. ದೊಡ್ಡವರಿಗೆ ಹೇಳಲಿಲ್ಲ, ಯಾಕಂದ್ರ ನಮ್ಮ ಮನ್ಯಾಗ ಉಡ ಮನಿ ಹೊಕ್ಕರ ಕೆಟ್ಟದ್ದು ಅಂತಾರ.

ನಮ್ಮ ಪ್ಲ್ಯಾನ್ ಭಾಳ ಸರಳ ಇತ್ತು. ದಿನಾ ತಿನ್ನಾಕ ಕೊಡೂದು, ದಿನಾ ಮುಟ್ಟೂದು. ನಾಯಿಮರಿ ಹಂಗ ಒಂದು ವಾರಕ್ಕ ರೂಢಿ ಆಗ್ತೈತಿ ಅಂತ ಲೆಕ್ಕ.

3/10

ಮೊದಲನೇ ದಿನ ಹಂಚು ಸರಿಸಿದ ಕೂಡಲೇ ಬುಸ್ ಅಂತು. ಹಸಿ ತತ್ತಿ ಒಡದು ಬಟ್ಟಲದಾಗ ಇಟ್ವಿ. ಮುಟ್ಟಲಿಲ್ಲ. ಎರಡನೇ ದಿನ ಕೋಳಿ ಕಾಲು. ಮುಟ್ಟಲಿಲ್ಲ. ಮೂರನೇ ದಿನ ಅಣ್ಣ ಕೈಗೆ ಟಾವೆಲ್ ಸುತ್ತಿಕೊಂಡು ಬೆನ್ನು ಸವರಾಕ ಹೋದ. ಟಾವೆಲ್ ಮ್ಯಾಲಿನಿಂದ ಕೈ ಹಿಡೀತು, ಬಿಡಲಿಲ್ಲ. "ಉಡದ ಪಟ್ಟು" ಅಂತ ಮಾತು ಸುಮ್ಮನ ಹುಟ್ಟಿಲ್ಲ. ಅವ ಚೀರಾಕತ್ತಿದ. ಎಳದಷ್ಟು ಬಿಗಿ ಆತು. ಎಳಿಯೋದು ಬಿಟ್ಟು ಸುಮ್ಮನ ಕೈ ಇಳಿಬಿಟ್ಟಾಗ ತಾನ ಬಿಟ್ಟಿತು. ಹಲ್ಲು ಹಿಂದಕ್ಕ ಬಾಗಿರ್ತಾವ, ಹಿಂಗಾಗಿ ಜಗ್ಗಿದ್ರ ಗಾಯ ದೊಡ್ಡದಾಗ್ತೈತಿ. ಅವನಿಗೆ ಎರಡು ಹೊಲಿಗಿ, ಒಂದು ಟಿಟಿ ಇಂಜೆಕ್ಷನ್. ಮನ್ಯಾಗ ಕೇಳಿದ್ರ ತಂತಿ ಗೀಚೈತಿ ಅಂತ ಸುಳ್ಳು ಹೇಳಿದ್ವಿ.

ಅವತ್ತಿನಿಂದ ಕೈ ಹಾಕೂದು ಬಿಟ್ಟು ಕಟಗಿಲೆ ಮುಟ್ಟಾಕ ಶುರು ಮಾಡಿದ್ವಿ. ಮುಂಜಾನೆ ಶಾಲಿಗೆ ಹೋಗೋ ಮೊದಲು, ಸಂಜೀಕ ಬಂದ ಮ್ಯಾಲ.

ಆರನೇ ದಿನದ ಸುಮಾರು ಬುಸ್ ಅನ್ನೋದು ಕಡಿಮಿ ಆತು. ಎಂಟನೇ ದಿನ ಬಾಲ ಬೀಸಲಿಲ್ಲ. ಒಂಬತ್ತನೇ ದಿನ ಮುಂಜಾನೆ ಅಣ್ಣ ಅಂಜಕೋತ ಒಂದು ಬೆರಳಿಂದ ತಲಿ ಮುಟ್ಟಿದ. ಅಲ್ಲಾಡಲಿಲ್ಲ. ಎರಡೂ ಕೈಲೆ ಎತ್ತಿದ. ಸುಮ್ಮನ ಎತ್ತಿಸಿಕೊಂಡಿತು. ಎದಿ ಮ್ಯಾಲ ಇಟ್ಟಕೊಂಡ. ಕಣ್ಣು ಅರ್ಧ ಮುಚ್ಚಿಕೊಂಡು ಮಲಗಿತು.

"ಪಳಗಿತಲೇ!" ಅಂತ ಇಬ್ಬರೂ ಕುಣದ್ವಿ. ಅವ್ವನ ಫೋನ್ ತಂದು ಫೋಟೊ ಹೊಡದ್ವಿ. ಆ ಫೋಟೊ ಇವತ್ತಿಗೂ ನನ್ನ ಹತ್ರ ಐತಿ. ಹಾಕಂಗಿಲ್ಲ. ಹಾಕಿದ್ರ ನೂರು ಮಂದಿ ಲೈಕ್ ಕೊಡ್ತೀರಿ, ಹತ್ತು ಮಂದಿ ನಾಳೆ ಬ್ಯಾರಲ್ ಹುಡಕ್ತೀರಿ. ಯಾಕಂದ್ರ ಆ ಫೋಟೊದಾಗ ಅದು ಖರೆನ ಅಣ್ಣನ ಮ್ಯಾಲ ಪ್ರೀತಿಯಿಂದ ಮಲಗಿದಂಗ ಕಾಣಸ್ತೈತಿ.

4/10

ಅದ ದಿನ ಅವ್ವಗ ಬ್ಯಾರಲ್ ಬೇಕಾತು. ನೀರು ತುಂಬಿಸಿಡಾಕ. ಒಳಗ ಏನೈತಿ ಅಂತ ಗೊತ್ತಿಲ್ಲದ ಅಂಗಳಕ್ಕ ಉರುಳಿಸಿ ತಂದು ಬಿಸಲಾಗ ನಿಲ್ಲಿಸ್ಯಾಳ, ತೊಳ್ಯಾಕ. ಹಂಚು ತಗದು ಒಳಗ ನೋಡಿ ಚೀರಿದ್ದು ಓಣಿ ತುಂಬ ಕೇಳಿತಂತ. ಬೈಕೋತ ಒಳಗ ಹೋಗ್ಯಾಳ, ಅಪ್ಪಾ ಬರಲಿ ಅಂತ.

ನಾವು ಮಧ್ಯಾಹ್ನ ಬಂದಾಗ ಬ್ಯಾರಲ್ ಬಿಸಲಾಗ ಇತ್ತು. ಅಣ್ಣ ಮುಂಜಾನೆ ಎತ್ತಿದ ಹುಮ್ಮಸ್ಸಿನ್ಯಾಗ ಓಡಿ ಹೋಗಿ ಬಗ್ಗಿ ನೋಡಿದ. ಒಳಗಿಂದ ಮೊದಲನೇ ದಿನದ ಬುಸ್ ಬಂತು. ಮೈ ಉಬ್ಬಿಸಿತ್ತು. ಬಾಲ ಹೆಂಗ ಬೀಸಿತಂದ್ರ ಬ್ಯಾರಲ್ ಡೊಳ್ಳಿನಂಗ ಬಾರಿಸಿತು.

ಮುಂಜಾನೆ ಎದಿ ಮ್ಯಾಲ ಮಲಗಿದ ಉಡ, ಮಧ್ಯಾಹ್ನ ಮತ್ತ ಸಿಟ್ಟಿನ ಉಡ. ನಡುವ ಆಗಿದ್ದು ಒಂದ: ಬಿಸಲು ಬಿದ್ದಿತ್ತು.

ಅದು ಪಳಗಿರಲಿಲ್ಲ. ಥಂಡಿ ಆಗಿತ್ತು.

ಉಡ ನಮ್ಮಂಗ ಒಳಗಿಂದ ಮೈ ಬಿಸಿ ಇಟ್ಟಕೊಳ್ಳೋ ಪ್ರಾಣಿ ಅಲ್ಲ. ಬಿಸಲಿಗೆ ಬಂದು ಕಲ್ಲಿನ ಮ್ಯಾಲ, ಮಣ್ಣಿನ ಮ್ಯಾಲ ಮೈ ಕಾಯಿಸಿಕೊಂಡ ಮ್ಯಾಲ ಅದರ ದಿನ ಚಾಲೂ ಆಗೋದು. ಓಡೋದು, ಬೇಟೆ ಆಡೋದು, ತಿಂದದ್ದು ಅರಗೋದು, ಎಲ್ಲಾ ಆ ಬಿಸಿ ಮ್ಯಾಲ. ಜನವರಿ ಥಂಡ್ಯಾಗ ನೆರಳಿನ ಬ್ಯಾರಲ್ ಒಳಗ ಒಂಬತ್ತು ದಿನ ಅದಕ್ಕ ಬಿಸಲು ಸಿಕ್ಕಿರಲಿಲ್ಲ. ತತ್ತಿ ಯಾಕ ತಿನ್ನಲಿಲ್ಲ ಅಂದ್ರ ಅಂಜಿಕಿ ಒಂದು, ತಿಂದ್ರೂ ಅರಗಂಗಿಲ್ಲ ಅನ್ನೋದು ಇನ್ನೊಂದು. ಬುಸ್ ಅನ್ನಾಕೂ ತ್ರಾಣ ಇರಲಿಲ್ಲ. ಅದನ್ನ ನಾವು "ನಂಬಿಕೆ" ಅಂತ ಫೋಟೊ ಹೊಡಕೊಂಡಿದ್ವಿ.

ಅವತ್ತ ಸಂಜಿ ಅಪ್ಪಾ ಬಂದು ಇಬ್ಬರಿಗೂ ಎರಡು ಬಿಟ್ಟು, ನಮ್ಮ ಕಡೆನ ಬ್ಯಾರಲ್ ಹೊರಿಸಿ, ಹಿಡದ ಹೊಲದ ಒಡ್ಡಿಗೆ ಬಿಡಿಸಿದ. ಅಡ್ಡ ಕೆಡವಿದ್ರೂ ಐದು ನಿಮಿಷ ಹೊರಗ ಬರಲಿಲ್ಲ. ಬಂದಾಗ ನೋಡಿದ್ವಿ. ಗ್ವಾಡಿಗೆ ತಿಕ್ಕಿ ತಿಕ್ಕಿ ಮೂತಿ ಮ್ಯಾಲಿನ ತೊಗಲು ಕಿತ್ತು ಹೋಗಿತ್ತು. ಎರಡು ಉಗುರು ಇರಲಿಲ್ಲ. ರಾತ್ರಿ ಎಲ್ಲಾ ಬ್ಯಾರಲ್ ಕೆರೆಯೋ ಸಪ್ಪಳ ನಾವು ಕೇಳಿದ್ವಿ. ಆಟ ಆಡ್ತೈತಿ ಅನ್ಕೊಂಡಿದ್ವಿ.

5/10

ಈಗ "ಸಿಟ್ಟಿನ ಉಡ" ಅನ್ನೋ ಮಾತಿಗೆ ಬರೂನು.

ಉಡಕ್ಕ ನಿಮ್ಮ ಮ್ಯಾಲ ಸಿಟ್ಟಿಲ್ಲ. ಹೊಲದಾಗ ನಿಮ್ಮನ್ನ ಕಂಡ್ರ ಅದು ಮೊದಲ ಮಾಡೋದು ಓಡೋದು. ಬಿಲ, ಗಿಡ, ಹುತ್ತ, ಕಲ್ಲಿನ ಸಂದಿ, ಎಲ್ಲಿ ಸಿಗ್ತೈತೋ ಅಲ್ಲಿ. ಓಡಾಕ ದಾರಿ ಇಲ್ಲಂದ್ರ ಮಾತ್ರ ಮುಂದಿನದ್ದು ಶುರು. ಗಂಟಲಾ, ಹೊಟ್ಟಿ ಉಬ್ಬಿಸಿ ದೊಡ್ಡದಾಗಿ ಕಾಣಸ್ತೈತಿ. ಬುಸ್ ಅಂತೈತಿ. ಮೈ ಅಡ್ಡ ಮಾಡಿ ಬಾಲ ಬೀಸ್ತೈತಿ. ಒಮ್ಮೊಮ್ಮೆ ಹಿಂಗಾಲ ಮ್ಯಾಲ ಎದ್ದು ನಿಲ್ತೈತಿ. ಇಷ್ಟೂ ಆದ ಮ್ಯಾಲೂ ನೀವು ಹಿಂದ ಸರೀಲಿಲ್ಲಂದ್ರ ಕಡಿತೈತಿ. ಅಂದ್ರ ಕಡಿಯೋದು ಕಡೀ ಮಾತು. ಅದಕ್ಕೂ ಮೊದಲು ಮೂರು ನಾಕು ಸಲ "ದೂರ ಹೋಗು" ಅಂತ ಹೇಳಿರ್ತೈತಿ. ಬ್ಯಾರಲ್ ಒಳಗ ಓಡೋ ದಾರಿ ಇಲ್ಲ, ಹಿಂಗಾಗಿ ನಿಮಗ ಅದರ ಕಡೀ ಮಾತು ಅಷ್ಟ ಕೇಳಸ್ತೈತಿ.

ಇನ್ನೊಂದು. ನಾವು ಕೈ ಹಾಕೋದು ಮ್ಯಾಲಿನಿಂದ. ಸಣ್ಣ ಉಡಕ್ಕ ಹದ್ದು ಬರೋದೂ ಮ್ಯಾಲಿನಿಂದನ. ಮ್ಯಾಲಿನಿಂದ ಬರೋ ನೆರಳು ಅಂದ್ರ ಸಾವು ಅಂತ ಹುಟ್ಟಿದಾಗಿಂದ ಗೊತ್ತಿರೋ ಪ್ರಾಣಿ ಅದು.

ವಿಷದ ಮಾತು ಭಾಳ ಮಂದಿ ಕೇಳ್ತಾರ, ಅದರಾಗೂ ಮರಿ ಉಡ ಕಡದ್ರ ಮನುಷ್ಯಾ ಸಾಯ್ತಾನ ಅಂತ ಹಳ್ಳ್ಯಾಗ ಮಾತೈತಿ. ಅದು ಸುಳ್ಳು. ಉಡಗಳ ಕೆಳದವಡಿಯಾಗ ವಿಷಗ್ರಂಥಿ ಅದಾವ ಅಂತ ವಿಜ್ಞಾನಿಗಳು 2006ರಿಂದ ಈಚೆ ಹೇಳ್ತಾ ಬಂದಾರ. ಆದ್ರ ನಾಗರಹಾವಿನಂಗ ಅಲ್ಲ. ನಮ್ಮ ಉಡದ ಕಡತಕ್ಕ ಮುಖ್ಯ ಅಪಾಯ ಹರಕು ಗಾಯ ಮತ್ತ ಕೀವು. ಸಾಬಾನ ಹಚ್ಚಿ ಹರಿಯೋ ನೀರಾಗ ತೊಳಕೊಂಡು ದವಾಖಾನಿಗೆ ಹೋಗಬೇಕು, ಟಿಟಿ ತಗೋಬೇಕು, ಅರಿಷಿಣ ಮೆತ್ತಿಕೊಂಡು ಮನ್ಯಾಗ ಕೂಡ್ರಬಾರದು. "ವಿಷ ಐತಿ" ಅಂತ ಅಂಜಿ ಮರಿ ಉಡ ಕಲ್ಲಿಲೆ ಹೊಡದು ಕೊಲ್ಲೋದಂತೂ ಬ್ಯಾಡವ ಬ್ಯಾಡ.

6/10

"ಹಂಗಾರ ಹೊರದೇಶದವರ ಹೆಗಲ ಮ್ಯಾಲ ಹೆಂಗ ಕೂಡ್ರತೈತಿ?" ನ್ಯಾಯದ ಪ್ರಶ್ನೆ. ಅವೆಲ್ಲಾ ಸುಳ್ಳಲ್ಲ. ಉಡ ಶಾಣ್ಯಾ ಪ್ರಾಣಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕಾದ ಒಂದು ಜಾತಿಯ ಉಡದ ಮರಿಗಳಿಗೆ ಪಾರದರ್ಶಕ ಕೊಳವೆಯೊಳಗೆ ಇಲಿ ಇಟ್ಟು ಕೊಟ್ಟಿದ್ದರು. ಬಾಗಿಲು ತೆಗೆಯೋದು ತಾವ ಕಲತವು. ಎರಡನೇ ಸಲ ಮೊದಲಿನಕಿಂತ ಲಗೂನ ತಗದ್ವು. ಇಷ್ಟು ಕಲಿಯೋ ಪ್ರಾಣಿಗೆ ಯಾರು ಅಪಾಯ, ಯಾರು ಅಲ್ಲ ಅಂತ ತಿಳಿಯಂಗಿಲ್ಲ ಏನು?

ಆದ್ರ ಛಲೋ ಸಾಕೋರು ಏನು ಮಾಡ್ತಾರ ಅಂತ ಪೂರ್ತಿ ನೋಡ್ರಿ, 30 ಸೆಕೆಂಡ್ ರೀಲ್ ಅಲ್ಲ:

– ಕಾಡಿನಿಂದ ಹಿಡದದ್ದಲ್ಲ, ಸಾಕಿದ ಉಡದ ತತ್ತಿಯಿಂದ ಹುಟ್ಟಿದ ಮರಿ ತರ್ತಾರ.
– ಮೊದಲ ಅದಕ್ಕ ಜಾಗ ಕಟ್ಟತಾರ. ಒಂದು ಕಡೆ 50 ಡಿಗ್ರಿ ಮ್ಯಾಲ ಕಾಯೋ ಜಾಗ, ಇನ್ನೊಂದು ಕಡೆ ತಂಪು, ಅಗಿಯಾಕ ಆಳ ಮಣ್ಣು, ಅಡಗಾಕ ಬಿಲ.
– ವಾರಗಟ್ಟಲೆ ಮುಟ್ಟಂಗಿಲ್ಲ. ಮಗ್ಗಲಕ ಸುಮ್ಮನ ಕೂಡ್ರತಾರ. ಹಾಕ್ಕೊಂಡು ಬಿಟ್ಟ ಅಂಗಿ ಒಳಗ ಇಡ್ತಾರ, ವಾಸನಿ ಗುರತ ಆಗಲಿ ಅಂತ. ಉಡ ನಾಲಿಗಿಲೆ ವಾಸನಿ ಓದ್ತೈತಿ.
– ಆಹಾರ ಚಿಮಟಿಗಿಲೆ ಕೊಡ್ತಾರ, ಕೈಲೆ ಅಲ್ಲ. ಕೈ ಅಂದ್ರ ಊಟ ಅಂತ ಅದು ಕಲೀಬಾರದು.
– ಬೆನ್ನ ಹತ್ತಿ ಹಿಡಿಯಂಗಿಲ್ಲ. ಅದು ತಾನ ಬಂದು ಮೈ ಏರಬೇಕು. ಹೋಗತೀನಿ ಅಂದ್ರ ಬಿಡಬೇಕು.

ಕಡೀದ ಮುಖ್ಯ. ನಂಬಿಕೆ ಹುಟ್ಟೋದು "ಬ್ಯಾಡ" ಅನ್ನಾಕ ಅದಕ್ಕ ಹಕ್ಕು ಇದ್ದಾಗ.

1927ರಾಗ ಲಂಡನ್ ಝೂಗೆ ಎರಡು ಕೊಮೊಡೊ ಡ್ರ್ಯಾಗನ್ ಬಂದವು, ಉಡದ ಜಾತ್ಯಾಗ ಅತೀ ದೊಡ್ಡವು. ಅಲ್ಲಿ ಸರೀಸೃಪಗಳ ಉಸ್ತುವಾರಿ ಜೋನ್ ಪ್ರಾಕ್ಟರ್ ಅನ್ನೋ ಮಹಿಳೆಯದು. ಸುಂಬಾವಾ ಅನ್ನೋ ಹೆಸರಿನ ಡ್ರ್ಯಾಗನ್ ಅವರ ಜೋಡಿ ನಡ್ಯಾಡ್ತಿತ್ತು, ಅವರ ಕೈಯಾಗ ತಿಂತಿತ್ತು. ಆದ್ರ ಆ ಝೂದ ಸರೀಸೃಪಗಳ ಮನಿಗೆ ಯಾವ ಮೂಲ್ಯಾಗ ಎಷ್ಟು ಬಿಸಿ, ಎಷ್ಟು ಬೆಳಕು ಬೇಕು ಅಂತ ಹೊಂದಿಸಿದವರೂ ಅವರ. ಮನಿ ಮೊದಲ, ಸ್ನೇಹ ಆಮ್ಯಾಲ. ನಮ್ಮ ಹತ್ರ ಇರೋದು ಬ್ಯಾರಲ್.

7/10

ನಮ್ಮ ಕಡೆ ಇನ್ನೊಂದು ವಾದ ಬರ್ತೈತಿ: "ತಾನಾಜಿ ಉಡ ಸಾಕಿದ್ದ. ನಾವು ಸಾಕಿದ್ರ ತಪ್ಪೇನು?"

ಗಡಿ ಭಾಗದವರು ನಾವು, ಈ ಕಥಿ ಎಲ್ಲಾರೂ ಕೇಳೇವಿ. 1670ರಾಗ ಕೊಂಡಾಣಾ ಕೋಟಿ, ಅಂದ್ರ ಸಿಂಹಗಡ, ಗೆಲ್ಲಾಕ ಹೋದಾಗ ತಾನಾಜಿ ಮಾಲುಸರೆ ಯಶವಂತಿ ಅನ್ನೋ ಉಡದ ನಡಕ್ಕ ಹಗ್ಗ ಕಟ್ಟಿ ಬಂಡಿಗಲ್ಲಿಗೆ ಏರಿಸಿದ, ಆ ಹಗ್ಗ ಹಿಡಕೊಂಡು ಮಾವಳಿಗರು ಹತ್ತಿದ್ರು ಅಂತ. ನಮಗ ಇನ್ನೂ ಹತ್ತರದ್ದು ಮುಧೋಳದ್ದು. ಅಲ್ಲಿನ ರಾಜಮನೆತನಕ್ಕ "ಘೋರ್ಪಡೆ" ಅನ್ನೋ ಹೆಸರು ಬಂದದ್ದೂ ಉಡದಿಂದ ಅಂತಾರ. ಮರಾಠಿಯಾಗ ಘೋರ್ಪಡ್ ಅಂದ್ರ ಉಡ. ಬಹಮನಿ ಕಾಲದಾಗ ಅವರ ಹಿರಿಯರು ಉಡಕ್ಕ ಹಗ್ಗ ಕಟ್ಟಿ ಕೋಟಿ ಹತ್ತಿದ್ರು ಅಂತ ಕಥಿ.

ಇತಿಹಾಸಕಾರರು ಈ ಉಡದ ಕಥಿಗಳನ್ನ ದಂತಕಥಿ ಅಂತ ನೋಡೋದ ಹೆಚ್ಚು. ಅದು ಇರಲಿ. ಕಥಿ ಖರೆ ಅಂತನ ಹಿಡಿಯೂನು. ಯಶವಂತಿ ಕಥ್ಯಾಗ ಒಂದು ಮಾತು ಬರ್ತೈತಿ, ನಾವು ಅದನ್ನ ನುಂಗಿ ಹೇಳ್ತೀವಿ. ಉಡ ಮೊದಲ ಏರಲಿಲ್ಲ. ಅರ್ಧಕ್ಕ ಹೊಳ್ಳಿ ಬಂತು. ಎಲ್ಲಾರೂ ಅಪಶಕುನ ಅಂದ್ರು. ಆಗ ತಾನಾಜಿ, ಈ ಸಲ ಏರಲಿಲ್ಲಂದ್ರ ನಿನ್ನ ಕಡದಹಾಕ್ತೀನಿ ಅಂತ ಹೆದರಿಸಿದ. ಆಮ್ಯಾಲ ಏರಿತು.

ನೋಡ್ರಿ, ಹೊಗಳಾಕ ಹುಟ್ಟಿದ ಕಥ್ಯಾಗೂ ಉಡ ಪ್ರೀತಿಯಿಂದ ಏರಿಲ್ಲ. ಬಂಡಿಗಲ್ಲು ಹಿಡಿಯೋದು ಅದರ ಉಗುರಿನ ಗುಣ, ಯಜಮಾನನ ಮ್ಯಾಲಿನ ನಂಬಿಕೆ ಅಲ್ಲ. ಅದು ಯುದ್ಧ, ಅವರಿಗೆ ಕೋಟಿ ಗೆಲ್ಲೋದಿತ್ತು. ನಮಗ ಏನು ಗೆಲ್ಲೋದೈತಿ? ವ್ಯೂಸ್.

ಮುಧೋಳ ಅಂದ್ರ ನನಗ ಇನ್ನೊಂದು ನೆನಪಾಗೋದು ಮುಧೋಳ ನಾಯಿ. ಮ್ಯಾಲ ಬರದ ಐದು ಮಾತಿನ್ಯಾಗ ಸುಮ್ಮನ ಕೂಡ್ರೋದು, ಬೆನ್ನ ಹತ್ತದ ಇರೋದು, ಅದ ಬರಲಿ ಅಂತ ಕಾಯೋದು, ಇವನ್ನ ಅಂಜುಬುರುಕ ನಾಯಿ ಮ್ಯಾಲ ಮಾಡಿ ನೋಡ್ರಿ. ಓಣಿ ನಾಯಿ ಆದ್ರೂ ನಡಿತೈತಿ. ಪಳಗಿಸೋ ಹುಚ್ಚು ಇದ್ದವರಿಗೆ ಅಲ್ಲಿ ಬೇಕಾದಷ್ಟು ಕೆಲಸ ಐತಿ. ನಾಯಿಗೆ ಮನುಷ್ಯಾ ಬೇಕು. ಉಡಕ್ಕ ಬ್ಯಾಡ.

8/10

ಈಗ ಕಾನೂನು. ಬೋರ್ ಅನ್ಸಿದ್ರೂ ಇದನ್ನ ಬಿಡಬ್ಯಾಡ್ರಿ.

ನಮ್ಮ ದೇಶದಲ್ಲಿ ನಾಲ್ಕು ಜಾತಿಯ ಉಡಗಳಿವೆ: ನಮ್ಮ ಹೊಲದಲ್ಲಿ ಕಾಣೋ ಸಾಮಾನ್ಯ ಉಡ, ಹಳದಿ ಉಡ, ಮರುಭೂಮಿಯ ಉಡ, ನೀರು ಉಡ. ನಾಲ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ, ಆನೆ ಇರೋ ಅದೇ ಪಟ್ಟಿ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ ಕನಿಷ್ಠ 25,000 ರೂಪಾಯಿ. 2022ರ ತಿದ್ದುಪಡಿಗಿಂತ ಮೊದಲು ಈ ದಂಡ 10,000 ಇತ್ತು.

"ನಾ ಕೊಂದಿಲ್ಲ, ಬರೇ ಹಿಡದೇನಿ" ಅಂದ್ರ ನಡಿಯಂಗಿಲ್ಲ. ಈ ಕಾಯ್ದೆಯಲ್ಲಿ "ಬೇಟೆ" ಅನ್ನೋ ಶಬ್ದದ ಅರ್ಥದೊಳಗ ಹಿಡಿಯೋದೂ, ಬಲೆಗೆ ಹಾಕೋದೂ ಸೇರಿದೆ. ಬ್ಯಾರಲ್‌ನ್ಯಾಗ ಇಟ್ಟು ದಿನಾ ತತ್ತಿ ಕೊಡೋವನೂ ಕಾನೂನಿನ ಕಣ್ಣಾಗ ಬೇಟೆಗಾರ. ಹೊರದೇಶದ ಜಾತಿ ಉಡ ತರ್ತೀನಿ ಅಂದ್ರೂ ಸುಮ್ಮನ ಇಟ್ಟಕೊಳ್ಳಾಕ ಬರಂಗಿಲ್ಲ, 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು.

ಇಷ್ಟು ಬಿಗಿ ಯಾಕ ಅಂದ್ರ ಉಡಕ್ಕ ವೈರಿಗಳು ಭಾಳ. ಮಾಂಸಕ್ಕ ಹಿಡಿತಾರ. ಎಣ್ಣಿ ಹಚ್ಚಿದ್ರ ಮಂಡಿನೋವು ಹೋಗ್ತೈತಿ ಅಂತ ಕೊಬ್ಬು ಕಾಯಸ್ತಾರ. ಕರ್ನಾಟಕ ಸಂಗೀತದ ಖಂಜಿರಕ್ಕ ಹಿಂದ ಉಡದ ಚರ್ಮನ ಬಿಗೀತಿದ್ರು. ಎಲ್ಲಕ್ಕಿಂತ ಹೊಲಸು "ಹತ್ತಾ ಜೋಡಿ". ಎರಡು ಕೈ ಜೋಡಿಸಿದಂಗ ಕಾಣೋ ಒಣಗಿದ ವಸ್ತು, ಅಪರೂಪದ ಬೇರು ಅಂತ, ರೊಕ್ಕ ಬರ್ತೈತಿ ಅಂತ ಪೂಜಾ ಸಾಮಾನಿನ ಜೋಡಿ ಮಾರ್ತಾರ. ಅದು ಬೇರಲ್ಲ, ಗಂಡು ಉಡದ ಜನನಾಂಗ. 2017ರಾಗ ಇದು ದೊಡ್ಡ ಸುದ್ದಿ ಆತು, ಆನ್‌ಲೈನ್‌ನ್ಯಾಗೂ ರಾಜಾರೋಷ ಮಾರ್ತಿದ್ರು.

ಅದಕ್ಕ ಹೇಳೋದು, ನೀವು ಊರ ಹೆಸರು ಹಾಕಿ ಉಡದ ರೀಲ್ ಬಿಟ್ರಂದ್ರ ನಿಮ್ಮ ಫಾಲೋವರ್ಸ್ ಅಷ್ಟ ನೋಡಂಗಿಲ್ಲ.

9/10

ಈಗ ನನ್ನ ದೋಸ್ತಗ, ಮತ್ತ ಅವನಂಗ ಬ್ಯಾರಲ್ ಇಟ್ಟಕೊಂಡು ಇದನ್ನ ಓದೋ ಯಾರಿಗಾದ್ರೂ.

ಅರಣ್ಯ ಇಲಾಖೆ ಸಹಾಯವಾಣಿ 1926. ಫೋನ್ ಮಾಡ್ರಿ. "ಹೊಲದಾಗ ಸಿಕ್ಕಿತು, ನಮ್ಮ ಹತ್ರ ಐತಿ, ತಗೊಂಡ ಹೋಗ್ರಿ" ಅನ್ರಿ. ಅವರು ಬರೋ ತನಕ ಕೈ ಹಾಕಬ್ಯಾಡ್ರಿ, ತಿನ್ನಸಾಕ ಹೋಗಬ್ಯಾಡ್ರಿ, ಮಂದಿ ಕರದು ತೋರಸಬ್ಯಾಡ್ರಿ. ಗಾಳಿ ಆಡಲಿ, ಸುಡು ಬಿಸಲು ಬ್ಯಾಡ.

ಅವ ನನಗ ಕೇಳಿದ: "ಫೋನ್ ಮಾಡಿದ್ರ ನನ್ನ ಒಳಗ ಹಾಕಿದ್ರ?" ಹಾಕಂಗಿಲ್ಲ ಅಂತ ನಾ ಬರದು ಕೊಡಾಕ ಆಗಂಗಿಲ್ಲ. ಆದ್ರ ತಾನಾಗಿ ಫೋನ್ ಮಾಡಿದವನ ಪರಿಸ್ಥಿತಿ ಮತ್ತ ರೀಲ್ ನೋಡಿಕೊಂಡು ಮನಿ ಬಾಗಿಲಿಗೆ ಬಂದು ಹಿಡದವನ ಪರಿಸ್ಥಿತಿ ಒಂದ ಅಲ್ಲ. ಒಬ್ಬನ ಹೋಗಬ್ಯಾಡ, ಮನಿ ಹಿರಿಯರನ್ನ ಕರಕೊಂಡು ಮಾತಾಡು. ನಾನೂ ಬರ್ತೀನಿ ಅಂದೇನಿ.

ಹೊಲ ಇದ್ದವರಿಗೆ ನಾಕ ಮಾತು. ಕಬ್ಬು ಕಡಿಸುವಾಗ ನಾಕೂ ಕಡೆಯಿಂದ ಸುತ್ತುಗಟ್ಟಬ್ಯಾಡ್ರಿ. ಒಡ್ಡಿನ ಕಡೆಗೋ ಮಗ್ಗಲ ಹೊಲದ ಕಡೆಗೋ ಒಂದು ದಾರಿ ಬಿಡ್ರಿ, ಕಡೀ ಸಾಲಿನ್ಯಾಗ ಹತ್ತು ನಿಮಿಷ ತಡೀರಿ. ತಾವ ಹೋಗ್ತಾವ. ರವದಿಗೆ ಬೆಂಕಿ ಹಚ್ಚೋದು ಬಿಟ್ರ ಮಣ್ಣಿಗೂ ಛಲೋ. ಹಚ್ಚೋದ ಅಂದ್ರ ಸುತ್ತಲೂ ಒಮ್ಮೆಲೆ ಹಚ್ಚಬ್ಯಾಡ್ರಿ. ಕಟ್ಟಿ ಇಲ್ಲದ ಹಳೇ ಬಾಂವ್ಯಾಗ ಬಿದ್ದ ಪ್ರಾಣಿಗಳಿಗೆ ಮ್ಯಾಲ ಬರಾಕ ಒಂದು ಒರಟು ಹಲಗಿ ಓರೆ ಇಳಿಬಿಟ್ರ ಸಾಕು.

"ಕೋಳಿ ಮರಿ, ತತ್ತಿ ತಿಂತೈತಿ" ಅಂತ ಅವ್ವಂದಿರ ತಕರಾರು. ಖರೆ, ತಿಂತೈತಿ. ಉಡ ಹಗಲ ತಿರಗೋ ಪ್ರಾಣಿ, ಹಿಂಗಾಗಿ ಮುಂಜಾನೆನ ತತ್ತಿ ತಗದಿಡ್ರಿ, ಮರಿಗಳಿಗೆ ಜಾಳಿಗಿ ಹಾಕ್ರಿ. ಆದ್ರ ಅದು ಹೊಲದಾಗ ತಿನ್ನೋ ಇಲಿ, ಹುಳ, ಜೀರುಂಡಿ ಯಾರ ಲೆಕ್ಕದಾಗ ಬರೀತೀರಿ? ಸತ್ತ ಪ್ರಾಣಿನೂ ತಿಂದು ಜಾಗ ಹಸನ ಮಾಡ್ತೈತಿ. ನಾವು ಕಾಮರ್ಸ್‌ನವರು, ಬರೇ ಖರ್ಚಿನ ಕಡೆ ಬರದು ಜಮಾ ಕಡೆ ಖಾಲಿ ಬಿಟ್ರ ಅದು ಲೆಕ್ಕ ಅಲ್ಲ.

10/10

ಕಡೀ ಫೋಟೊ ನೋಡಿ ನೀವು ನಗ್ತೀರಿ. ಝೂಮ್ ಮಾಡಿದ್ರೂ ಒಡ್ಡಿನ ಮ್ಯಾಲ ಕಂದು ಬಣ್ಣದ ಒಂದು ಗೆರಿ ಅಷ್ಟ ಕಾಣಸ್ತೈತಿ. ಅದು ಉಡ. ಬಾಂವಿ ಮಗ್ಗಲಿನ ಒಡ್ಡಿನ್ಯಾಗ ಒಂದು ಬಿಲ ಐತಿ, ಅದರದ್ದು. ಜಾಗ ಎಲ್ಲಿ ಅಂತ ಡಿಎಂ ಮಾಡಬ್ಯಾಡ್ರಿ, ಹೇಳಂಗಿಲ್ಲ.

ಎರಡು ವರ್ಷದಿಂದ ನೋಡಾಕತ್ತೀನಿ. ಟೈಗರ್ ಇದ ಅಂತ ನಾ ಹೇಳಂಗಿಲ್ಲ, ಗೊತ್ತಿಲ್ಲ. ಮೊದಮೊದಲು ಐವತ್ತು ಹೆಜ್ಜಿ ದೂರ ನನ್ನ ಕಂಡ್ರ ಸಾಕು, ಬಿಲ ಸೇರ್ತಿತ್ತು. ನಾ ಮಾಡಿದ್ದು ಇಷ್ಟ. ದಿನಾ ನೀರು ಬಿಡಾಕ ಹೋದಾಗ ಅದ ದಾರ್ಯಾಗ ಹೋಗೂದು, ಅದ ಕಲ್ಲಿನ ಮ್ಯಾಲ ಕೂಡ್ರೂದು. ಹತ್ರ ಹೋಗಲಿಲ್ಲ. ತಿನ್ನಾಕ ಏನೂ ಹಾಕಲಿಲ್ಲ. ತಿನ್ನಾಕ ಹಾಕಿದ್ರ ಮನುಷ್ಯಾರ ಹತ್ರ ಬರೋದು ಕಲೀತೈತಿ, ಎಲ್ಲಾ ಮನುಷ್ಯಾರೂ ಕಲ್ಲಿನ ಮ್ಯಾಲ ಸುಮ್ಮನ ಕೂಡ್ರೋರಲ್ಲ.

ಈಗ ಹದಿನೈದು ಹೆಜ್ಜಿ ದೂರದಾಗ ನಾ ಕುಂತ್ರ ಅದು ಕುತಗಿ ಎತ್ತಿ ನೋಡ್ತೈತಿ. ಎರಡು ಸಲ ನಾಲಿಗಿ ಚಾಚತೈತಿ. ಆಮ್ಯಾಲ ಮತ್ತ ತಲಿ ಕೆಳಗಿಟ್ಟು ಬಿಸಲು ಕಾಯಸ್ತೈತಿ. ಓಡಂಗಿಲ್ಲ. ಓಡಾಕ ದಾರಿ ಐತಿ, ಬಿಲ ಮಗ್ಗಲಕ ಐತಿ, ಮೈ ಬಿಸಿ ಐತಿ, ಹೊಟ್ಟಿ ತುಂಬೈತಿ. ಎಲ್ಲಾ ಇದ್ದೂ ಓಡಂಗಿಲ್ಲ. ಎದಿ ಮ್ಯಾಲ ಮಲಗಿಸಿಕೊಂಡು ಹೊಡದ ಆ ಹಳೇ ಫೋಟೊಕಿಂತ ಈ ಗೆರಿ ನನಗ ದೊಡ್ಡದು.

ಒಂದು ದಿನ ನೀರಿನ ಪೈಪ್ ಜಗ್ಗಿಕೊಂಡು ಅವಸರದಾಗ ಹೋದೆ, ತಟ್ಟನೆ ಬಿಲ ಸೇರಿತು. ಮತ್ತ ನನ್ನ ಮುಂದ ಹೊರಗ ಬರಾಕ ಆರು ದಿನ ತಗೊಂತು. ಅದರ ಲೆಕ್ಕ ಹಂಗ, ಬಿಗಿ.

ದೋಸ್ತ ನಿನ್ನೆ ರಾತ್ರಿ ಮತ್ತ ಮೆಸೇಜ್ ಮಾಡ್ಯಾನ: "ಈಗ ಸುಮ್ಮನ ಆಗೇತಿ ಲೇ. ಬುಸ್ ಅನ್ನಂಗಿಲ್ಲ. ಪಳಗಾಕತ್ತೈತಿ ಅನಸ್ತೈತಿ."

ಇದನ್ನ ಬರಿಯಾಕ ಕುಂತದ್ದ ಆ ಮೆಸೇಜಿಗೆ. ಲೇ ದೋಸ್ತ, ಅದು ಪಳಗಾಕತ್ತಿಲ್ಲ. ಮುಂಜಾನೆ ಎಂಟಕ್ಕ ನಿಮ್ಮ ಮನಿಗೆ ಬರ್ತೀನಿ. ನಿಮ್ಮ ಕಾಕಾಗ ಹೇಳಿ ಇಡು. ಫೋನ್ ನಾನ ಮಾಡ್ತೀನಿ.

#ಉಡ #ಪಾಲಬಾವಿ #ರಾಯಬಾಗ #ಕಬ್ಬಿನಹೊಲ #ನಮ್ಮಬೆಳಗಾವಿ #ಅರಣ್ಯಸಹಾಯವಾಣಿ1926